ಕೋಟೆ, ಪೇಟೆ, ಕಡಲು: ಕೊಲಂಬೊದಲ್ಲಿ ಎರಡು ದಿನ

ಪ್ರಶ್ನೆ: ಅಮ್ಮನನ್ನು ಶ್ರೀಲಂಕಾಕ್ಕೆ ಕರೆದುಕೊಂಡು ಹೋಗುತ್ತಿದ್ದೇನೆ. ಕೊಲಂಬೊದಲ್ಲಿ ಎರಡು ದಿನ ಸಿಗುತ್ತದೆ. ಅಲ್ಲಿ ಟ್ರಾಫಿಕ್ ಬಿಟ್ಟರೆ ಏನಿಲ್ಲ, ನೇರ ಕ್ಯಾಂಡಿಗೆ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಅಮ್ಮನಿಗೆ 66 ವರ್ಷ, ನಿಧಾನವಾಗಿ ನಡೆಯುತ್ತಾರೆ. ಏನು ಮಾಡಲಿ?
(ಓದುಗರೊಬ್ಬರು, ಹಾಸನ)

ಉತ್ತರ: ಎರಡು ದಿನವನ್ನೂ ಕೊಲಂಬೊಕ್ಕೇ ಕೊಡಿ. ಮೊದಲ ಸಲ ಹೋದಾಗ ನಾನೂ ಅಂಥ ಮಾತು ಕೇಳಿ, ಒಂದು ರಾತ್ರಿ ಮಲಗೆದ್ದು ಗಾಲೆ ಬಸ್ಸು ಹತ್ತಿದ್ದೆ. ಆ ಬೇಸರ ಇನ್ನೂ ಇದೆ. ಆಮೇಲೆ ಎರಡು ಸಲ ಈ ಊರಿಗೆಂದೇ ಹೋಗಿ ಕಾಲ್ನಡಿಗೆಯಲ್ಲಿ ಸುತ್ತಿದೆ.

ಪೆಟ್ಟಾದಿಂದ ಶುರು ಮಾಡಿ. ಪೆಟ್ಟಾ ಅಂದರೆ ನಮ್ಮ ಪೇಟೆಯೇ. ಬೆಂಗಳೂರಿನ ಹಳೇ ಪೇಟೆಯನ್ನೂ ಬ್ರಿಟಿಷರು ಹಾಗೆಯೇ ಬರೆಯುತ್ತಿದ್ದರು. ಸಿಂಹಳದಲ್ಲಿ ಇದು ಪಿಟಕೋಟುವ, ಕೋಟೆಯ ಹೊರಗಿನ ಜಾಗ. ಪಕ್ಕದ ಫೋರ್ಟ್ ಅವರ ಬಾಯಲ್ಲಿ ಕೋಟುವ. ಪೋರ್ಚುಗೀಸರಿಂದ ಡಚ್ಚರು 1656ರಲ್ಲಿ ಈ ಕೋಟೆ ಕಿತ್ತುಕೊಂಡರು, ಡಚ್ಚರಿಂದ ಬ್ರಿಟಿಷರು 1796ರಲ್ಲಿ. ಗೋಡೆಗಳನ್ನು ಕೆಡವಿ ಎಷ್ಟೋ ಕಾಲವಾಯಿತು. ಆದರೂ ಜನ ಇವತ್ತಿಗೂ ಕೋಟೆಗೆ, ಪೇಟೆಗೆ ಅಂತಲೇ ಹೋಗಿಬರುತ್ತಾರೆ.

ಬೆಳಿಗ್ಗೆ ಎಂಟೂವರೆಗೆ ಫೋರ್ಟ್ ರೈಲು ನಿಲ್ದಾಣದ ಎದುರು ರಸ್ತೆ ದಾಟಿ. ಹತ್ತೂವರೆ ಆದ ಮೇಲೆ ಬಿಸಿಲು, ಸೆಕೆ ಎರಡೂ ಅಮ್ಮನಿಗೆ ಕಷ್ಟ. ಅಡ್ಡರಸ್ತೆಗಳಿಗೆ ನಂಬರ್ ಇದೆ: ಫಸ್ಟ್ ಕ್ರಾಸ್, ಸೆಕೆಂಡ್ ಕ್ರಾಸ್, ಹೀಗೆ. ಫಸ್ಟ್ ಕ್ರಾಸ್‌ನಲ್ಲಿ ಎಲೆಕ್ಟ್ರಾನಿಕ್ಸ್ ಅಂಗಡಿಗಳು. ಗ್ಯಾಬೋಸ್ ಲೇನ್ ಅನ್ನುವ ಸಣ್ಣ ಓಣಿಯಲ್ಲಿ ಒಣ ಬೇರು, ತೊಗಟೆ, ಗಿಡಮೂಲಿಕೆ. ನಮ್ಮ ಗ್ರಂದಿಗೆ ಅಂಗಡಿಯದೇ ವಾಸನೆ. ನನಗೆ ಅಲ್ಲಿಂದ ಕಾಲೇ ಬರಲಿಲ್ಲ.

ಸೆಕೆಂಡ್ ಕ್ರಾಸ್‌ನಲ್ಲಿ ಕೆಂಪು ಮಸೀದಿ. ಜಾಮಿ ಉಲ್ ಅಲ್ಫರ್ ಅದರ ಹೆಸರು, 1909ರಲ್ಲಿ ಕಟ್ಟಿ ಮುಗಿಸಿದ್ದು. ಕೆಂಪು ಬಿಳಿ ಪಟ್ಟೆ, ಮೇಲೆ ದಾಳಿಂಬೆಯಂಥ ಗುಮ್ಮಟಗಳು. ಹಿಂದೆ ಹಡಗಿನವರು ದೂರದಿಂದ ಇದನ್ನು ನೋಡಿಯೇ ಕೊಲಂಬೊ ಬಂತು ಅಂತ ತಿಳಿಯುತ್ತಿದ್ದರಂತೆ. ಬೀದಿ ಇಕ್ಕಟ್ಟು, ಹಾಗಾಗಿ ಪೂರ್ತಿ ನೋಡಲು ಎದುರು ಬದಿಯ ಗೋಡೆಗೆ ಒರಗಿ ನಿಲ್ಲಬೇಕು. ಹಾಗೆ ನಿಂತಾಗ ನಾಟ್ಟಾಮಿಗಳ ದಾರಿ ಬಿಡಿ. ತಳ್ಳುಗಾಡಿಯಲ್ಲಿ ಮೂಟೆ ಸಾಗಿಸುವ ಹಮಾಲಿಗಳಿಗೆ ಅಲ್ಲಿ ಹಾಗನ್ನುತ್ತಾರೆ. ಹೊತ್ತ ಭಾರಕ್ಕೆ ಗಾಡಿ ಥಟ್ಟನೆ ನಿಲ್ಲುವುದಿಲ್ಲ. ಹಿಂದಿನಿಂದ ಕೂಗು ಕೇಳಿದರೆ ಮೊದಲು ಪಕ್ಕಕ್ಕೆ ಸರಿಯಿರಿ, ಫೋಟೋ ಆಮೇಲೆ. ಆ ಬೀದಿ ಅವರ ಹೊಟ್ಟೆಪಾಡಿನ ಜಾಗ ಅಲ್ವಾ?

ಅಲ್ಲಿಂದ ಸೀ ಸ್ಟ್ರೀಟ್‌ಗೆ ಹೋಗಿ. ಸಾಲಾಗಿ ಬಂಗಾರದ ಅಂಗಡಿಗಳು, ನಡುವೆ ಕೋವಿಲ್‌ಗಳು. ಅಮ್ಮ ಮುರುಗನ್ ಗುಡಿಯಲ್ಲಿ ಸ್ವಲ್ಪ ಹೊತ್ತು ಕೂತು ದಣಿವಾರಿಸಿಕೊಳ್ಳಲಿ. ಆಮೇಲೆ ನಡೆಯಬೇಡಿ, ಆಟೋ ಹಿಡಿದು ಫೋರ್ಟ್‌ನ ಹಳೇ ಡಚ್ ಆಸ್ಪತ್ರೆಗೆ ಹೋಗಿ. 17ನೇ ಶತಮಾನದ ಕಟ್ಟಡ, ದಪ್ಪ ಗೋಡೆ, ಒಳಗೆ ಅಂಗಳ. ಈಗ ಅಲ್ಲಿ ಹೋಟೆಲು, ಅಂಗಡಿಗಳಿವೆ.

ಒಂದು ಎಚ್ಚರಿಕೆ. ಕಡಲಂಚಿನ ಗಾಲ್ ಫೇಸ್ ಬಯಲಿನ ಹತ್ತಿರ ಒಬ್ಬರು ನಗುತ್ತಾ ಬಂದು, "ಇವತ್ತೊಂದೇ ದಿನ ದೇವಸ್ಥಾನದಲ್ಲಿ ಆನೆ ಉತ್ಸವ, ಬೇಗ ಬನ್ನಿ" ಅಂದರು. ನಂಬಿ ಅವರು ತೋರಿಸಿದ ಆಟೋ ಹತ್ತಿದೆ. ಉತ್ಸವವೂ ಇರಲಿಲ್ಲ, ಏನೂ ಇರಲಿಲ್ಲ. ಬಾಡಿಗೆ ಮಾತ್ರ ನಾಲ್ಕು ಪಟ್ಟು. ಅವತ್ತು ತುಂಬಾ ನೊಂದುಕೊಂಡೆ. ಮೀಟರ್ ಹಾಕುವ ಆಟೋ ಹತ್ತಿ, ಇಲ್ಲವೇ ಪಿಕ್‌ಮಿ ಆ್ಯಪ್‌ನಲ್ಲಿ ಕರೆಸಿ.

ಎರಡನೇ ದಿನ ಗಂಗಾರಾಮಯ ಅನ್ನುವ ಬೌದ್ಧ ದೇವಾಲಯ, ಆಮೇಲೆ ಬೇರ ಕೆರೆಯ ನೀರಿನ ಮೇಲಿರುವ ಅದರದೇ ಧ್ಯಾನಮಂದಿರ ಸೀಮಾ ಮಾಲಕ. ಇದರ ವಿನ್ಯಾಸ ಶ್ರೀಲಂಕಾದ ವಾಸ್ತುಶಿಲ್ಪಿ ಜೆಫ್ರಿ ಬಾವಾ ಅವರದು. ಬುದ್ಧನ ಮೂರ್ತಿಗೆ ಬೆನ್ನು ಹಾಕಿ ಸೆಲ್ಫಿ ತೆಗೆಯಬೇಡಿ, ಅಲ್ಲಿನವರಿಗೆ ನಿಜವಾಗಿ ನೋವಾಗುತ್ತದೆ. ಹುಣ್ಣಿಮೆ ದಿನ ಪೋಯ, ದೇಶಕ್ಕೆಲ್ಲ ರಜೆ. ಪೇಟೆ ಸುತ್ತುವ ದಿನ ಅದಾಗದಂತೆ ಕ್ಯಾಲೆಂಡರ್ ನೋಡಿಕೊಳ್ಳಿ.

ಪ್ರಶ್ನೆ: ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಕೊಲಂಬೊದಲ್ಲಿ ಊಟಕ್ಕೆ ಕಷ್ಟವಾಗುತ್ತದೆಯೇ?
(ಓದುಗರೊಬ್ಬರು, ಶಿರಸಿ)

ಉತ್ತರ: ಕಷ್ಟವಿಲ್ಲ, ಆದರೆ ಕೇಳದೆ ತಿನ್ನಬೇಡಿ. ತೆಂಗಿನತುರಿಯ ಪೊಲ್ ಸಂಬೋಲ ನೋಡಲು ನಮ್ಮ ಕೆಂಪು ಚಟ್ನಿಯ ಹಾಗೇ ಇರುತ್ತದೆ. ಅದರಲ್ಲಿ ಉಂಬಲಕಡ, ಅಂದರೆ ಒಣಮೀನಿನ ಚೂರು, ಜಾಸ್ತಿ ಕಡೆ ಸೇರಿರುತ್ತದೆ. ತರಕಾರಿ ಪಲ್ಯಕ್ಕೂ ಹಾಕುತ್ತಾರೆ. "ಮಸ್ ಮಾಳು ಎಪಾ" ಅನ್ನಿ, ಮಾಂಸ ಮೀನು ಬೇಡ ಅಂತ. ಉಂಬಲಕಡ, ಮೊಟ್ಟೆ ಎರಡನ್ನೂ ಹೆಸರು ಹೇಳಿ ಬೇಡ ಅನ್ನಿ.

ಸುಲಭದ ದಾರಿ ಅಂದರೆ ಸೈವ ಕಡೆ. ತಮಿಳರ ಸಸ್ಯಾಹಾರಿ ಹೋಟೆಲುಗಳಿಗೆ ಅಲ್ಲಿನ ಹೆಸರು ಅದು. ಸೀ ಸ್ಟ್ರೀಟ್ ಸುತ್ತ, ವೆಳ್ಳವತ್ತೆಯ ಗಾಲೆ ರಸ್ತೆಯಲ್ಲಿ ಸಿಗುತ್ತವೆ. ಇಡಿಯಪ್ಪ, ಸೊದಿ, ಉದ್ದಿನ ವಡೆ. ಸೊದಿ ತೆಂಗಿನಹಾಲಿನ ತೆಳು ಸಾರು. ಬಿಸಿಯಾಗಿ ಸುರಿಸಿಕೊಂಡು ಉಣ್ಣಿ. ಮುಗಿಸಿ "ಇಸ್ತುತಿ" ಅಂತ ಹೇಳಿ, ಸಿಂಹಳದಲ್ಲಿ ಥ್ಯಾಂಕ್ಸ್. ನಮ್ಮ ಸ್ತುತಿಯೇ ಅದು. ತಮಿಳರಾದರೆ "ನನ್ರಿ" ಅನ್ನಿ.

ಪ್ರಶ್ನೆ: ಮಗಳಿಗೆ ಹಡಗು ಅಂದರೆ ಪ್ರಾಣ. ಕೊಲಂಬೊ ಬಂದರಿನ ಒಳಗೆ ಸುಮ್ನೆ ಹೋಗಿ ನೋಡಬಹುದೇ?
(ಓದುಗರೊಬ್ಬರು, ಕಾರವಾರ)

ಉತ್ತರ: ಒಳಗೆ ಸುಮ್ನೆ ಹೋಗಲು ಬಿಡುವುದಿಲ್ಲ. ಹಡಗು ನೋಡಲು ಸಂಜೆ ಐದಕ್ಕೆ ಗಾಲ್ ಫೇಸ್ ಬಯಲಿಗೆ ಕರೆದುಕೊಂಡು ಹೋಗಿ. ಬಂದರಿನೊಳಗೆ ಜಾಗ ಸಿಗಲೆಂದು ಕಾಯುವ ಹಡಗುಗಳು ದೂರದಲ್ಲಿ ನಿಂತಿರುತ್ತವೆ. ಕಡಲಂಚಿನ ಈ ನಡಿಗೆದಾರಿಯನ್ನು ಗವರ್ನರ್ ಹೆನ್ರಿ ವಾರ್ಡ್ 1859ರಲ್ಲಿ ಮಾಡಿ ಮುಗಿಸಿದ. ಕೊಲಂಬೊದ ಹೆಂಗಸರು ಮಕ್ಕಳಿಗಾಗಿ ಇದನ್ನು ಕಾಪಾಡಿ ಅಂತ ಮುಂದಿನ ಗವರ್ನರ್‌ಗಳಿಗೆ ಕಲ್ಲಿನಲ್ಲೇ ಬರೆಸಿಟ್ಟ. ಇವತ್ತೂ ಅಲ್ಲಿ ಮಕ್ಕಳು ಗಾಳಿಪಟ ಹಾರಿಸುತ್ತಾರೆ.

ಫೋರ್ಟ್‌ನ ಗಡಿಯಾರ ಗೋಪುರವನ್ನೂ ಮಗಳಿಗೆ ತೋರಿಸಿ. 1857ರದು. ಮುಂದೆ ಅದೇ ದೀಪಸ್ತಂಭವೂ ಆಯಿತು. ಸುತ್ತ ಎತ್ತರದ ಕಟ್ಟಡಗಳು ಎದ್ದು ಕಡಲಿಗೆ ಬೆಳಕು ಕಾಣದಾದಾಗ ದೀಪ ಆರಿಸಿದರು.

ಮರುದಿನ ಫೋರ್ಟ್‌ನಿಂದ ಮೌಂಟ್ ಲವೀನಿಯಾಗೆ ರೈಲಿನಲ್ಲಿ ಹೋಗಿ. ಆಫೀಸಿನ ಹೊತ್ತು ಬೇಡ. ಬಲಗಡೆ ಕಿಟಕಿ ಹಿಡಿಯಿರಿ. ಕೊಳ್ಳುಪಿಟಿಯ ಬಂತೆಂದರೆ ಹಳಿಯ ಪಕ್ಕದಲ್ಲೇ ಅಲೆ ಒಡೆಯುತ್ತಿರುತ್ತದೆ, ಮುಖಕ್ಕೆ ಉಪ್ಪುಗಾಳಿ ಬಡಿಯುತ್ತದೆ.