ಡ್ಯಾಶ್‌ಕ್ಯಾಮ್: 4ಕೆ ಬೇಕಾ, ಒಳ್ಳೆ ಮೆಮೊರಿ ಕಾರ್ಡ್ ಬೇಕಾ?

ಪ್ರಶ್ನೆ: ಸರ್ ನಮಸ್ತೆ, ಹಾಸನದಿಂದ ಬರೀತಿದೀನಿ, ವಾರಕ್ಕೊಂದ್ಸಲ ಬೆಂಗಳೂರಿಗೆ ಓಡಾಟ. ಹೋದ ತಿಂಗಳು ನೆಲಮಂಗಲದ ಹತ್ರ ಬೈಕಿನವನೊಬ್ಬ ಎಡಗಡೆಯಿಂದ ನುಗ್ಗಿ ಬಾಗಿಲು ಉಜ್ಜಿದ್ದೂ ಅಲ್ದೆ ತಪ್ಪು ನಂದೇ ಅಂತ ಜನ ಸೇರಿಸ್ಬಿಟ್ಟ, 1500 ಕೊಟ್ಟು ಬಂದೆ. ಈಗ ಡ್ಯಾಶ್‌ಕ್ಯಾಮ್ (ಮುಂದಿನ ಗಾಜಿಗೆ ಅಂಟಿಸಿ ರಸ್ತೆ ರೆಕಾರ್ಡ್ ಮಾಡೋ ಕ್ಯಾಮೆರಾ) ಹಾಕ್ಸೋಣ ಅಂತ. ಜಾಸ್ತಿ ಪಿಕ್ಸೆಲ್ಲಿನ 4ಕೆನೇ ತಗೋಬೇಕಾ? ಕಾರು ಹಗಲೆಲ್ಲ ಬಿಸಿಲಲ್ಲೇ ನಿಂತಿರತ್ತೆ. ಅಂಗಡಿಯವ್ರು ವೈರ್ ಕಟ್ ಮಾಡ್ಬೇಕು ಅಂತಿದಾರೆ, ವಾರಂಟಿ ಹೋಗಲ್ವಾ?

ಉತ್ತರ: ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ಬಾಗಿಲು ಉಜ್ಜಿದ್ದು ಮುಂದಿನ ಕ್ಯಾಮೆರಾದಲ್ಲಿ ಕಾಣಲ್ಲ. ಆದ್ರೆ ನೀವು ಲೇನ್ ಬಿಟ್ಟು ಎಡಕ್ಕೆ ಎಳೆದಿಲ್ಲ ಅನ್ನೋದು ಕಾಣತ್ತೆ, ಅಲ್ಲಿ ಜಗಳ ನಿಲ್ಸೋಕೆ ಅಷ್ಟು ಸಾಕಿತ್ತು.

4ಕೆ ಆಮೇಲೆ ನೋಡೋಣ, ಬಿಸಿಲಿನ ವಿಷ್ಯ ಮೊದ್ಲು. ಗಾಜು ಏರಿಸಿ ಬಿಸಿಲಲ್ಲಿ ನಿಲ್ಸಿದ್ರೆ ಡ್ಯಾಶ್‌ಬೋರ್ಡ್ ಹತ್ರ 60–70 ಡಿಗ್ರಿ ಆರಾಮಾಗಿ ಮುಟ್ಟತ್ತೆ, ಅದಕ್ಕೇ ಒಳಗೆ ಲಿಥಿಯಂ ಬ್ಯಾಟರಿ ಇರೋ ಕ್ಯಾಮೆರಾ ಬೇಡ, ಅದ್ರ ಬದ್ಲು ಬಿಸಿ ತಡೆಯೋ ಸೂಪರ್ ಕೆಪಾಸಿಟರ್ ಇದ್ಯಾ ಅಂತ ಕೇಳಿ ತಗೊಳ್ಳಿ. ನನ್ ಮೊದಲ್ನೇ ಕ್ಯಾಮೆರಾ ಒಂದೇ ಬೇಸಿಗೆಗೆ ಎಣ್ಣೆಗೆ ಬಿಟ್ಟ ಪೂರಿ ತರ ಊದ್ಕೊಂಡಿತ್ತು, ಹಿಂದಿನ ಮುಚ್ಚಳ ತಾನೇ ಎದ್ದು ಬಂದಿತ್ತು.

ಇನ್ನು 4ಕೆ. ರಾತ್ರಿ ಎದುರಿನ ಹೈಬೀಮಲ್ಲಿ ನಂಬರ್ ಪ್ಲೇಟ್ ಓದೋದು ಬರೀ ಪಿಕ್ಸೆಲ್ ಲೆಕ್ಕದಿಂದ ಆಗಲ್ಲ, ಸೆನ್ಸರ್ ಚೆನ್ನಾಗಿರ್ಬೇಕು (ಕಮ್ಮಿ ಬೆಳಕಲ್ಲೂ ಚೆನ್ನಾಗಿ ತೆಗೆಯೋ ಸೋನಿ ಸ್ಟಾರ್ವಿಸ್ ಇದ್ರೆ ಒಳ್ಳೇದು), ಎಚ್‌ಡಿಆರ್ (ಜಾಸ್ತಿ ಬೆಳಕು, ಕತ್ತಲೆ ಎರಡನ್ನೂ ಸರಿದೂಗಿಸೋದು) ಇರ್ಬೇಕು. ನನ್ ಪ್ರಕಾರ ಒಳ್ಳೆ ಸೆನ್ಸರಿನ 2ಕೆ ಸಾಕು, ಉಳಿದ ದುಡ್ಡನ್ನ ಕಾರ್ಡಿಗೆ ಹಾಕಿ.

ಕಾರ್ಡ್ ಅಂದ್ರೆ ಫೋನಿಂದ ತೆಗೆದಿಟ್ಟ ಹಳೇದಲ್ಲ ಮತ್ತೆ. ಲೂಪ್ ರೆಕಾರ್ಡಿಂಗಲ್ಲಿ ಹಳೇದನ್ನ ಅಳಿಸಿ ಹೊಸದು ಬರೀತಾನೇ ಇರತ್ತೆ, 2ಕೆಗಿಂತ ಕಮ್ಮಿ ಪಿಕ್ಸೆಲ್ಲಿನ 1080ಪಿಯಲ್ಲೇ ಗಂಟೆಗೆ ಸುಮಾರು 6–7 ಜಿಬಿ, ಸಾಮಾನ್ಯ ಕಾರ್ಡ್ ಬೇಗ ಸುಸ್ತಾಗತ್ತೆ. 'ಹೈ ಎಂಡ್ಯೂರೆನ್ಸ್' ಅಂತ ಬರೆದಿರೋ 128 ಜಿಬಿ ಹಾಕಿ, ತಿಂಗಳಿಗೊಂದ್ಸಲ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಮೊನ್ನೆ ಒಬ್ರು ಹಿಂದಿನಿಂದ ಗುದ್ದಿಸ್ಕೊಂಡು ಬಂದಿದ್ರು, ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದ್ರೆ ಕೊನೇ ಫೈಲು ಎರಡು ತಿಂಗಳ ಹಿಂದಿಂದು. ಲೈಟ್ ಮಾತ್ರ ದಿನಾ ಮಿನುಗ್ತಿತ್ತಂತೆ ಪಾಪ.

ವೈರ್ ಯಾವುದನ್ನೂ ಕಟ್ ಮಾಡ್ಸಬೇಡಿ. ವಾರಂಟಿ ತಕರಾರು ಶುರುವಾಗೋದೇ ಅಲ್ಲಿಂದ. ಸಿಗರೇಟ್ ಲೈಟರ್ ಸಾಕೆಟ್ಟಿಂದ ಕೊಟ್ರೆ ಸುಲಭ, ಎಷ್ಟೋ ಕಾರಲ್ಲಿ ಕೀ ತೆಗೆದ್ರೆ ಅದೂ ಆಫ್ ಆಗತ್ತೆ. ನಿಲ್ಸಿದಾಗ್ಲೂ ರೆಕಾರ್ಡ್ ಆಗ್ಬೇಕು ಅಂದ್ರೆ ಹಾರ್ಡ್‌ವೈರ್ ಕಿಟ್ (ಫ್ಯೂಸ್ ಬಾಕ್ಸಿಂದ ಕ್ಯಾಮೆರಾಗೆ ಕರೆಂಟ್ ತರೋ ವೈರ್ ಸೆಟ್) ತಗೊಂಡು ಫ್ಯೂಸ್ ಟ್ಯಾಪ್ (ವೈರ್ ಕಟ್ ಮಾಡ್ದೆ ಫ್ಯೂಸ್ ಜಾಗದಲ್ಲಿ ಸಿಕ್ಕಿಸೋದು) ಹಾಕ್ಸಿ, ಏರ್‌ಬ್ಯಾಗ್ ಫ್ಯೂಸ್ ಮಾತ್ರ ಮುಟ್ಟಬಾರ್ದು. ಕಿಟ್ಟಲ್ಲಿ, ಕಾರಿನ ಬ್ಯಾಟರಿ ಇಳಿದ್ರೆ ತಾನೇ ಆಫ್ ಆಗೋ ಲೋ ವೋಲ್ಟೇಜ್ ಕಟ್ ಆಫ್ ಇರ್ಲಿ, ಸುಮಾರು 12 ವೋಲ್ಟಿಗೆ ಇಟ್ಕೊಳ್ಳಿ, ಇಲ್ದಿದ್ರೆ ಸೋಮವಾರ ಬೆಳಿಗ್ಗೆ ಕಾರು ತಳ್ಳೋಕೆ ಜನ ಹುಡುಕ್ಬೇಕಾಗತ್ತೆ.

ಅಂಟಿಸೋ ಜಾಗ ರಿಯರ್ ವ್ಯೂ ಮಿರರ್ ಹಿಂದೆ, ವೈಪರ್ ಒರೆಸೋ ಭಾಗದಲ್ಲೇ ಇರ್ಲಿ, ಮಳೆಗಾಲದಲ್ಲಿ ಗೊತ್ತಾಗತ್ತೆ ಯಾಕೆ ಅಂತ. ನಿಮ್ ಕಾರಲ್ಲಿ ಪಕ್ಕದ ಕಿಟಕಿ ಮೇಲೆ ಬಿಚ್ಕೊಳ್ಳೋ ಕರ್ಟನ್ ಏರ್‌ಬ್ಯಾಗ್ ಇದ್ರೆ ಗಾಜಿನ ಪಕ್ಕದ ಕಂಬದಲ್ಲಿ ವೈರ್ ಎಳೀವಾಗ ಏರ್‌ಬ್ಯಾಗಿನ ಹಿಂದಿಂದ ಹೋಗ್ಬೇಕು, ಮುಂದೆ ಅಡ್ಡ ಬಂದ್ರೆ ಏರ್‌ಬ್ಯಾಗ್ ಬಿಚ್ಕೊಳ್ಳೋವಾಗ ತೊಂದ್ರೆ. ಕೆಲಸ ಮಾಡೋ ಹುಡುಗನ ಪಕ್ಕದಲ್ಲೇ ನಿಂತು ಇದೊಂದನ್ನ ನೋಡಿ.

ಪ್ರಶ್ನೆ: ಆ ವಿಡಿಯೋ ಕೋರ್ಟಲ್ಲಿ ನಡೆಯತ್ತಾ?

ಉತ್ತರ: ನಡೆಯತ್ತೆ. 2024ರ ಜುಲೈ 1ರಿಂದ ಜಾರಿಯಲ್ಲಿರೋ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ಕಾಪಿ ಕೊಡೋವಾಗ ಜೊತೆಗೆ ಸರ್ಟಿಫಿಕೇಟ್ ಬೇಕು, ವಕೀಲರ ಹತ್ರ ಕೇಳಿ ಮಾಡಿಸ್ಕೊಳ್ಳಿ. ಘಟನೆ ಆದ ತಕ್ಷಣ ಕಾರ್ಡ್ ತೆಗೆದು ಬೇರೆ ಹಾಕಿ, ಒರಿಜಿನಲ್ ಹಂಗೇ ಎತ್ತಿಡಿ, ವಾಟ್ಸಾಪಲ್ಲಿ ಬಂದ ಕ್ಲಿಪ್ಪನ್ನ ನಂಬ್ಕೊಂಡು ಕೂರ್ಬೇಡಿ. ಮತ್ತೆ ಕ್ಯಾಮೆರಾದಲ್ಲಿ ತಾರೀಖು, ಟೈಮ್ ಸರಿ ಇದ್ಯಾ ಅಂತ ಇವತ್ತೇ ನೋಡ್ಕೊಳ್ಳಿ, ಎಷ್ಟೋ ಜನರದ್ದು ಡಬ್ಬದಿಂದ ತೆಗೆದಾಗ ಇದ್ದ ತಾರೀಖಲ್ಲೇ ಓಡ್ತಿರತ್ತೆ.