ತಂತಿ ಇದ್ದರೂ ಡಿಕ್ಕಿ ಹೇಗಾಯ್ತು?

ಸರ್, ನಾರ್ವಿಚ್ ಮತ್ತು ಬ್ರಂಡಲ್ ಸ್ಟೇಷನ್ ನಡುವೆ ತಂತಿ (ಟೆಲಿಗ್ರಾಫ್) ಇದ್ದರೂ 1874ರಲ್ಲಿ ಇಂಗ್ಲೆಂಡಿನ ಥಾರ್ಪ್ ಹತ್ತಿರ ಒಂದೇ ಹಳಿಯ ಮೇಲೆ ಎರಡು ರೈಲು ಎದುರುಬದುರು ಬಂದದ್ದು ಹೇಗೆ ಅಂತ ಕೇಳಿದ್ದೀರಿ.

ತಂತಿ ಕೆಟ್ಟಿರಲಿಲ್ಲ, ಮಾತು ಎಡವಿತ್ತು. ಸೆಪ್ಟೆಂಬರ್ 10ರ ರಾತ್ರಿ ಲಂಡನ್ನಿಂದ ನಾರ್ವಿಚ್‌ಗೆ ಬರಬೇಕಿದ್ದ ಎಕ್ಸ್‌ಪ್ರೆಸ್ ತಡವಾಗಿತ್ತು. ಬ್ರಂಡಲ್‌ನಲ್ಲಿದ್ದ ಮೇಲ್ ರೈಲನ್ನು ಮೊದಲು ಬಿಡುವ ಬಗ್ಗೆ ನಾರ್ವಿಚ್‌ನ ಇನ್‌ಸ್ಪೆಕ್ಟರ್ ತಂತಿ ಗುಮಾಸ್ತನಿಗೆ ಬಾಯಿಮಾತಲ್ಲಿ ಹೇಳಿದ. ಸಹಿ ಇಲ್ಲದೆ ಸಂದೇಶ ಕಳಿಸುವಂತಿರಲಿಲ್ಲ. ಗುಮಾಸ್ತ ಕಳಿಸಿಬಿಟ್ಟ. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಬಂತು, ಇನ್‌ಸ್ಪೆಕ್ಟರ್ ಅದನ್ನೂ ಬಿಟ್ಟ. ತಪ್ಪು ಗೊತ್ತಾಗಿ, ಮೇಲ್ ತಡೆಯಿರಿ ಅಂತ ತಂತಿ ಹೊಡೆದರು. ಅದು ಆಗಲೇ ಹೊರಟಿತ್ತು! 25 ಜನ ಸತ್ತರು. ಪಕ್ಕದಲ್ಲೇ ಎರಡನೇ ಹಳಿ ಹಾಕಿಯಾಗಿತ್ತು, ತಪಾಸಣೆ ಆಗದೆ ಸುಮ್ನೆ ಬಿದ್ದಿತ್ತು. ಇದನ್ನು ನೆನೆದಾಗಲೆಲ್ಲ ಕರುಳು ಚುರ್ ಅನ್ನುತ್ತದೆ.

ಇದಾದ ಮೇಲೆಯೇ ಎಡ್ವರ್ಡ್ ಟೈಯರ್ ಎಂಬ ಎಂಜಿನಿಯರ್, ಒಂಟಿ ಹಳಿಗೆ ಒಮ್ಮೆಗೆ ಒಂದೇ ರೈಲು ಬಿಡುವ ಟ್ಯಾಬ್ಲೆಟ್ ಯಂತ್ರ ಮಾಡಿದ್ದು, 1878ರಲ್ಲಿ. ನಾನು ಬಾಗಲಕೋಟೆಯವನು. ಮೀಟರ್‌ಗೇಜ್ ಕಾಲದಲ್ಲಿ ನಮ್ಮ ಸ್ಟೇಷನ್ನಿನಲ್ಲಿ ಡ್ರೈವರ್ ಕೈಚಾಚಿ ದೊಡ್ಡ ಬಳೆಯಂಥದ್ದು ಹಿಡಿಯುತ್ತಿದ್ದದ್ದು ಕಣ್ಣಿಗೆ ಕಟ್ಟಿದಂತಿದೆ. ಅದರ ಚೀಲದಲ್ಲಿ ಲೋಹದ ಗುಂಡು ಇರುತ್ತಿತ್ತು. ಅದೇ ಟೋಕನ್, ಅಂದರೆ ಮುಂದಿನ ಹಳಿಗೆ ಹೋಗಲು ಅಪ್ಪಣೆ; ಟೈಯರ್ ಯಂತ್ರದ ಜಾತಿಯದೇ. ಆ ಕಡೆಯ ಸ್ಟೇಷನ್ ಮಾಸ್ತರ್ ಒಪ್ಪಿ ಕರೆಂಟ್ ಕೊಟ್ಟರಷ್ಟೇ ಈ ಕಡೆ ಗುಂಡು ಹೊರಬರುತ್ತದೆ. ಒಂದು ಹೊರಗಿದ್ದರೆ ಎರಡೂ ಸ್ಟೇಷನ್ನಿನ ಯಂತ್ರಕ್ಕೆ ಬೀಗ. ಅಂದು ಈ ಯಂತ್ರ ಇದ್ದಿದ್ದರೆ ಇನ್‌ಸ್ಪೆಕ್ಟರ್ ಕೈಗೆ ಎರಡನೇ ಟೋಕನ್ ಸಿಗುತ್ತಲೇ ಇರಲಿಲ್ಲ, ಅಲ್ವಾ?