ತೊಳೆಯದೆ ಬಿಟ್ಟ ಮಣ್ಣು

"ಇವನಿಗೆ ತಲೆ ಸರಿ ಇದೆಯಾ ನೋಡಿ" ಅಂತ ಮಕ್ಕಳನ್ನು ಕರೆತರುವ ತಂದೆತಾಯಿ ನನ್ನ ಹತ್ತಿರ ಆಗಾಗ ಬರುತ್ತಾರೆ. ಮಗ ಚಿತ್ರವನ್ನೋ ಹಾಡನ್ನೋ ಹಚ್ಚಿಕೊಂಡಿರುತ್ತಾನೆ, ಅಷ್ಟೇ. ಬೀದರಿನ ಈ ಪ್ರಕರಣವೂ ಹಾಗೇ ಶುರುವಾಯಿತು. ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.

ಹುಡುಗನಿಗೆ 22 ವರ್ಷ. ತಂದೆ ಬಿದರಿ ಕೆಲಸದವರು, ಅಂದರೆ ಸತುವಿನ ಎರಕದ ಪಾತ್ರೆಗೆ ಬೆಳ್ಳಿ ಕೂರಿಸುವವರು. ಮಗ ರಾತ್ರಿ ಮಲಗುವುದಿಲ್ಲ, ಕಸ ಕೂಡಿಡುತ್ತಾನೆ ಅನ್ನೋದು ದೂರು. ಎರಡು ಸಲ ಅವನೊಬ್ಬನ ಜೊತೆ ಮಾತಾಡಿದೆ. ಊಟ, ಮಾತು, ಗೆಳೆಯರು ಎಲ್ಲ ಸರಿ ಇತ್ತು. ಅಪ್ಪ ಮಲಗಿದ ಮೇಲಷ್ಟೇ ಅವನು ತನ್ನ ಸಾಮಾನು ಹರಡಬಹುದಿತ್ತು. ನಿದ್ದೆ ಕೆಟ್ಟದ್ದು ಅದಕ್ಕೆ.

ಎರಕದಲ್ಲಿ ಗಾಳಿ ಸಿಕ್ಕಿ ತೂತು ಬಿದ್ದ ತುಂಡನ್ನು ಮತ್ತೆ ಕರಗಿಸುತ್ತಾರೆ. ಶಾಲೆಯಲ್ಲಿದ್ದಾಗ ಅಂಥದೊಂದನ್ನು ಬಚ್ಚಿಟ್ಟಿದ್ದ. ಆ ತೂತೇ ಚೆಂದ ಕಂಡಿತಂತೆ. ಅದನ್ನು ರಟ್ಟಿಗೆ ಅಂಟಿಸಿದ. ಆಮೇಲೆ ಗೋಣಿಚೀಲದ ಚೂರು, ಹಳೇ ಪೇಪರ್, ಮೋಟಾರ್ ವೈಂಡಿಂಗ್ ಅಂಗಡಿಯ ತಾಮ್ರದ ತಂತಿ ಸೇರಿದವು. 1912ರಲ್ಲೇ ಪಿಕಾಸೊ ಚಿತ್ರಕ್ಕೆ ಮೇಣಬಟ್ಟೆ ಅಂಟಿಸಿ ಸುತ್ತ ಹಗ್ಗ ಕಟ್ಟಿದ್ದ, ಇದಕ್ಕೆ ಮಿಶ್ರ ಮಾಧ್ಯಮ ಅಂತಾರೆ ಅಂತ ಡ್ರಾಯಿಂಗ್ ಮಾಸ್ತರರು ಹೇಳಿದರು. "ಹೆಸರ ಅದ ಅಂತ ಗೊತ್ತಾಗಿ ಧೈರ್ಯ ಬಂತ್ರಿ" ಅಂದ.

ಮೂರನೇ ಸಲ ತಂದೆತಾಯಿಯೂ ಬಂದರು. ತಾಯಿಯ ಕೈಯಲ್ಲೊಂದು ಚೀಲ. ತಂದೆ ಅದರಿಂದ ಒಂದು ಹಲಗೆ ತೆಗೆದು ನನ್ನ ಟೇಬಲ್ ಮೇಲಿಟ್ಟರು. "ನೋಡ್ರಿ ಮೇಡಂ, ಇದು ಶಾಣ್ಯಾ ಮಾಡೂ ಕೆಲಸೇನ್ರಿ?"

ನಾನು ಉತ್ತರ ಹುಡುಕುತ್ತಿದ್ದೆ. ಅಷ್ಟರಲ್ಲಿ ಅವರ ಬೆರಳು ಹಲಗೆಯ ಮೇಲೆ ಓಡಾಡತೊಡಗಿತು. ಬಿದರಿಯಲ್ಲಿ ಕಡೆಗೆ ಕೋಟೆಯ ಮಣ್ಣಿಗೆ ನವಸಾಗರ ಅನ್ನೋ ಉಪ್ಪು ಬೆರೆಸಿ, ಅದನ್ನು ಕದಡಿದ ಬಿಸಿನೀರಲ್ಲಿ ಪಾತ್ರೆ ಅದ್ದುತ್ತಾರೆ. ಸತುವಿನ ಮೈ ಕಪ್ಪಾಗುತ್ತದೆ, ಬೆಳ್ಳಿ ಬಿಳಿಯಾಗೇ ಉಳಿಯುತ್ತದೆ. ಆಮೇಲೆ ಚೆನ್ನಾಗಿ ತೊಳೆಯಬೇಕು. ಹುಡುಗ ಆ ಮಣ್ಣನ್ನೇ ತಾಮ್ರದ ತಂತಿಗೆ ಮೆತ್ತಿ ಹಾಗೇ ಬಿಟ್ಟಿದ್ದ.

"ತೊಳದಿಲ್ಲೇನು? ತಾಮ್ರ ಹಸರ ಆಗ್ತದ."

"ಬೇಕಂತೇ ಬಿಟ್ಟೀನಪ್ಪಾ. ಹಸರ ಆಗ್ಲಿ ಅಂತ."

ತಂದೆ ಸ್ವಲ್ಪ ಹೊತ್ತು ಸುಮ್ನಿದ್ದರು. "ಎಷ್ಟ್ ದಿನಕ್ಕ ಆಗ್ತದ?"

ಮಗ ಹೇಳತೊಡಗಿದ. ಮಳೆಗಾಲದಲ್ಲಿ ಬೇಗ, ಬೇಸಿಗೆಯಲ್ಲಿ ತಡ, ನೀರು ಚಿಮುಕಿಸಿದರೆ ಒಂದು ಥರ, ಗೋಣಿ ಒದ್ದೆ ಮಾಡಿ ಮುಚ್ಚಿದರೆ ಇನ್ನೊಂದು ಥರ. ತಂದೆ ಕೇಳುತ್ತಲೇ ಎರಕದ ತುಂಡನ್ನು ಅಲುಗಾಡಿಸಿ ನೋಡಿದರು. "ಈ ಬಿಳಿ ಅಂಟು ಲೋಹಕ್ಕ ನಿಲ್ಲಂಗಿಲ್ಲ. ತಂತಿಲೆ ಹೊಲಿ."

ಅಲ್ಲಿಯವರೆಗೆ ಎಲ್ಲರೂ ಹುಡುಗನ ಬಗ್ಗೆ ಮಾತಾಡುತ್ತಿದ್ದೆವು, ನಾನೂ ಸೇರಿ. ಮಾತು ಹಲಗೆಗೆ ಹೊರಳಿದ್ದು ಆಗಲೇ. ಅದಕ್ಕೇ ಹೇಳುತ್ತೇನೆ, ಮಗನಿಗೆ ಕಾಯಿಲೆಯಾ ಅಂತ ನನ್ನನ್ನು ಕೇಳುವ ಮೊದಲು ಅವನು ಮಾಡಿದ್ದನ್ನು ಕೈಗೆತ್ತಿಕೊಳ್ಳಿ. ಹೇಗೆ ಮಾಡಿದೆ ಅಂತ ಕೇಳಿ. ಯಾರು ಕೊಳ್ತಾರೆ ಅನ್ನೋದು ಆಮೇಲಿನ ಮಾತು.

ಬೆಳಿಗ್ಗೆ ಬಿದರಿ ಕೆಲಸ ಬಿಡಬೇಡ ಅಂತ ಹುಡುಗನಿಗೆ ಹೇಳಿದೆ. ಮಧ್ಯಾಹ್ನ ಎರಡು ಗಂಟೆ, ಮನೆಯಲ್ಲಿ ಒಂದು ಮೂಲೆ ಅವನದು ಅಂತ ತಂದೆಯನ್ನು ಒಪ್ಪಿಸಿದೆ. ಯಾವುದಕ್ಕೆ ಏನು ಬೆರೆಸಿದೆ, ಎಂಟು ದಿನಕ್ಕೆ ಏನಾಯಿತು ಅಂತ ತಾರೀಕು ಹಾಕಿ ಬರೆದಿಡು ಅಂದೆ. ಈ ಸಲಹೆ ಕೇಳಿದ ನನ್ನ ಗೆಳತಿಯೊಬ್ಬಳು ಬೇಜಾರಾದಳು. "ಕಲಾವಿದನನ್ನು ಮತ್ತೆ ಕೂಲಿಗೆ ತಳ್ಳಿದೆ" ಅಂದಳು. ನಾನು ಒಪ್ಪುವುದಿಲ್ಲ. ಮನೆ ನಡೆಯೋದು ಆ ಕೆಲಸದಿಂದ. ಅಷ್ಟೇ ಅಲ್ಲ, ತಂತಿ ಎಷ್ಟು ಬಾಗುತ್ತದೆ, ಮಣ್ಣು ಏನು ಮಾಡುತ್ತದೆ ಅಂತ ಅವನ ಕೈಗೆ ಕಲಿಸಿದ್ದೂ ಅದೇ. ಅದನ್ನು ಬಿಡಿಸಿದರೆ ಹಲಗೆಗೆ ಹಾಕೋಕೆ ಅವನ ಹತ್ತಿರ ಏನಿರುತ್ತಿತ್ತು?

ನನ್ನನ್ನು ಕಾಡಿದ್ದು ಬೇರೆ. ಆ ದಿನ ಚೀಲ ಹಿಡಿದು ಕೂತಿದ್ದ ತಾಯಿಯನ್ನು ನಾನು ಒಂದು ಮಾತೂ ಕೇಳಲಿಲ್ಲ. ಮುಂದಿನ ಸಲ ಅವರನ್ನೇ ಮೊದಲು ಕರೆದೆ.

"ಈಗ ರಾತ್ರಿ ಮಲಗ್ತಾನ್ರಿ" ಅಂದರು. "ಗೋಣಿ ಒದ್ದಿ ಮಾಡೂದು ಮಾತ್ರ ನನ್ ಪಾಲಿಗಿ ಬಂದದ. ಮುಂಜಾನಿ ಎದ್ದ ಕೂಡ್ಲೆ ಸರಸಿ ನೋಡ್ತೀನಿ, ಎಷ್ಟ್ ಹಸರ ಆಗ್ಯಾದ ಅಂತ."